ಘಟ್ಟದ ಕಲ್ಲು, ಹೊಳೆಯ ಮರಳು

ಬೇಸಗೆಯಲ್ಲಿ ನೇತ್ರಾವತಿಯ ಬದಿಗೆ ಹೋದವರಿಗೆ ಒಂದು ನೋಟವು ಚಿರಪರಿಚಿತ. ಧರ್ಮಸ್ಥಳದಿಂದ ಉಪ್ಪಿನಂಗಡಿಗೆ, ಅಲ್ಲಿಂದ ಬಂಟ್ವಾಳಕ್ಕೆ ಹರಿದು ಬರುವ ಈ ಹೊಳೆಯು ಆಗ ಪಾತ್ರದ ಒಂದು ಮಗ್ಗುಲಿಗೆ ಸರಿದಿರುತ್ತದೆ; ಇನ್ನೊಂದು ಮಗ್ಗುಲಲ್ಲಿ ಬಿಳಿಯ ಮರಳ ದಿಣ್ಣೆಯು ಹಾಸಿಕೊಂಡಿರುತ್ತದೆ. ಮೂಡಣ ದಿಕ್ಕಿನಲ್ಲಿ ಘಟ್ಟದ ನೀಲಿ ಗೋಡೆ, ಕಾಲಡಿಯಲ್ಲಿ ಸಮುದ್ರತೀರದಂತಹ ಮರಳು. ಬಂಟ್ವಾಳದಿಂದ ನೇರ ರೇಖೆಯಲ್ಲಿ ಸುಮಾರು ೨೦ ಕಿಲೋಮೀಟರ್ ದೂರದಲ್ಲಿ ಮೂಡುಬಿದಿರೆಯಿದೆ. ಹದಿನೆಂಟು ಬಸದಿಗಳಿಗೂ ಹದಿನೆಂಟು ಕೆರೆಗಳಿಗೂ ಹೆಸರಾದ ಊರು ಅದು. ಅಲ್ಲಿನ ಕಡಲಕೆರೆಯು ಹೆಸರಿಗೆ ತಕ್ಕಂತೆ ವಿಶಾಲವಾದುದು. ಆದರೆ ಅಂತಹ ಕೆರೆಗಳ ಅಂಚಿನಲ್ಲಿ ನೀರಿಗೆ ಕಾಲಿಟ್ಟರೆ ಸಿಗುವುದು ಮರಳಲ್ಲ, ಕೆಸರು.

ಎರಡು ಕಡೆಯೂ ಬೀಳುವುದು ಒಂದೇ ಮುಂಗಾರಿನ ಮಳೆ. ಎರಡು ಊರುಗಳೂ ಒಂದೇ ಘಟ್ಟದ ಬುಡದ ಸೀಮೆಗೆ ಸೇರಿದುವು. ಹಾಗಿದ್ದರೂ ಒಂದರ ದಡದಲ್ಲಿ ಮರಳೇಕೆ, ಇನ್ನೊಂದರ ದಡದಲ್ಲಿ ಕೆಸರೇಕೆ? ಪ್ರಶ್ನೆಯು ಸಣ್ಣದೆಂದು ತೋರಬಹುದು. ಆದರೆ ಇದರ ಉತ್ತರವನ್ನು ತಿಳಿದವನಿಗೆ, ಬೇಸಗೆಯ ಬಾವಿಯಲ್ಲಿ ನೀರು ಏಕೆ ಉಳಿಯುತ್ತದೆ, ಶಾಂತವಾಗಿ ಕಾಣುವ ಮಡುವು ಏಕೆ ಪ್ರಾಣಾಪಾಯಕರ ಎಂಬುವೂ ತಿಳಿಯುತ್ತವೆ. ಆದುದರಿಂದ ನಾವು ಇದನ್ನು ಮೆಟ್ಟಿಲು ಮೆಟ್ಟಿಲಾಗಿ ವಿಚಾರ ಮಾಡೋಣ.

ಕಲ್ಲಿನಿಂದ ಮರಳಿಗೆ

ನೇತ್ರಾವತಿಯು ಹುಟ್ಟುವುದು ಕುದುರೆಮುಖದ ಶ್ರೇಣಿಯಲ್ಲಿ. ಅಲ್ಲಿಯ ಶಿಖರದ ಎತ್ತರ ಸುಮಾರು ೧,೮೯೦ ಮೀಟರ್. ಅಲ್ಲಿಂದ ಬೆಳ್ತಂಗಡಿ ತಾಲೂಕಿಗೆ ಇಳಿದು, ಚಾರ್ಮಾಡಿಯ ಕಡೆಯಿಂದಲೂ ಶಿಶಿಲದ ಕಡೆಯಿಂದಲೂ ಬರುವ ಹಳ್ಳಗಳ ನೀರನ್ನು ಕೂಡಿಸಿಕೊಂಡು, ಉಪ್ಪಿನಂಗಡಿಯಲ್ಲಿ ಕುಮಾರಧಾರೆಯೊಡನೆ ಸೇರಿ, ಮಂಗಳೂರಿನ ಬಳಿ ಅರಬ್ಬೀ ಸಮುದ್ರವನ್ನು ಮುಟ್ಟುವಷ್ಟರಲ್ಲಿ ಅದು ನಡೆದ ದಾರಿ ಸುಮಾರು ನೂರು ಕಿಲೋಮೀಟರ್ ಮಾತ್ರ. ಇಷ್ಟು ಚಿಕ್ಕ ದಾರಿಯಲ್ಲಿ ಇಷ್ಟು ದೊಡ್ಡ ಇಳಿತ. ಅದರಲ್ಲಿಯೂ ಇಳಿತದ ಬಹುಭಾಗವು ಮೊದಲ ಕೆಲವು ಕಿಲೋಮೀಟರುಗಳಲ್ಲಿಯೇ ಮುಗಿದುಹೋಗುತ್ತದೆ. ಬಂಟ್ವಾಳವನ್ನು ತಲಪುವಾಗ ಹೊಳೆಯ ತಳವು ಸಮುದ್ರಮಟ್ಟಕ್ಕಿಂತ ಕೆಲವೇ ಮೀಟರುಗಳಷ್ಟು ಮೇಲಿರುತ್ತದೆ. ಈ ಒಂದು ಸಂಗತಿಯನ್ನು ನೆನಪಿನಲ್ಲಿಡಬೇಕು.

ಘಟ್ಟದ ಬಂಡೆಗಳು ಹಲವು ಖನಿಜಗಳ ಮಿಶ್ರಣ. ಬೆಳ್ತಂಗಡಿಯ ಬಳಿ ಒಂಟಿಯಾಗಿ ನಿಂತಿರುವ ಗಡಾಯಿಕಲ್ಲಿನಂತಹ ಬಂಡೆಯ ಒಂದು ಚೂರನ್ನು ಕೈಯಲ್ಲಿ ಹಿಡಿದು ನೋಡಿದರೆ ಬಿಳಿಯ, ಬೂದಿಯ, ಕಪ್ಪಿನ ಹರಳುಗಳು ಬೇರೆ ಬೇರೆಯಾಗಿ ಕಾಣುತ್ತವೆ. ಗಾಜಿನಂತೆ ಹೊಳೆಯುವುದು ಬೆಣಚುಕಲ್ಲು. ಮಾಸಲು ಬಣ್ಣದ್ದು ಫೆಲ್ಡ್‌ಸ್ಪಾರ್. ಪದರ ಪದರವಾಗಿ ಬಿಡುವುದು ಅಭ್ರಕ. ಮಳೆ, ಬಿಸಿಲು, ಮರದ ಬೇರು, ಮಣ್ಣಿನ ಆಮ್ಲ, ಇವುಗಳ ದಾಳಿಗೆ ಇವೆಲ್ಲವೂ ಸಮಾನವಾಗಿ ಬಾಗುವುದಿಲ್ಲ. ಫೆಲ್ಡ್‌ಸ್ಪಾರ್ ನೀರಿನೊಡನೆ ರಾಸಾಯನಿಕವಾಗಿ ವರ್ತಿಸಿ ಕಾಲಕ್ರಮದಲ್ಲಿ ಜೇಡಿಯಾಗುತ್ತದೆ. ಬೆಣಚುಕಲ್ಲಾದರೋ ಹೆಚ್ಚು ಬದಲಾವಣೆಯಿಲ್ಲದೆ ಉಳಿಯುತ್ತದೆ; ಕಾಠಿಣ್ಯದ ಮೋಸ್ ಮಾನದಲ್ಲಿ ಅದಕ್ಕೆ ೭ನೆಯ ಸ್ಥಾನ, ಉಕ್ಕಿನ ಚೂರಿಯಿಂದಲೂ ಅದನ್ನು ಗೀರಲಾಗದು. ಸುತ್ತಲಿನ ಖನಿಜಗಳು ಕರಗಿ ಸಡಿಲವಾದಾಗ ಬೆಣಚಿನ ಹರಳುಗಳು ಉದುರಿ ಬೀಳುತ್ತವೆ. ಮರಳಿನ ಬಹುಭಾಗವೆಂದರೆ ಇದೇ: ಬಂಡೆಯು ಸತ್ತ ಮೇಲೂ ಸಾಯದೆ ಉಳಿದ ಅಂಶ.

ಮರಳಿನಲ್ಲಿ ಕಪ್ಪು ಗೆರೆಗಳು ಕಂಡರೆ ಒಂದು ಅಯಸ್ಕಾಂತವನ್ನು ಕಾಗದದಲ್ಲಿ ಸುತ್ತಿ ಅದರೊಳಗೆ ಎಳೆದು ನೋಡಿರಿ. ಕಾಗದಕ್ಕೆ ಮೀಸೆಯಂತೆ ಹತ್ತಿಕೊಳ್ಳುವ ಕಣಗಳು ಮ್ಯಾಗ್ನಟೈಟ್ ಎಂಬ ಕಬ್ಬಿಣದ ಅದಿರಿನವು. ಅವೂ ಘಟ್ಟದ ಬಂಡೆಗಳಿಂದಲೇ ಬಂದವು.

ಹೊಳೆಯ ಹೊರುವ ಶಕ್ತಿ

ಉದುರಿದ ಹರಳನ್ನು ಕೆಳಗೆ ಒಯ್ಯುವುದು ನೀರು. ಎಷ್ಟು ದೊಡ್ಡ ಕಲ್ಲನ್ನು ನೀರು ಉರುಳಿಸಬಲ್ಲುದು ಎಂಬುದಕ್ಕೆ ಒಂದು ಸರಳವಾದ ಲೆಕ್ಕವುಂಟು. ನೀರು ಕಲ್ಲನ್ನು ತಳ್ಳುವ ಬಲವು ವೇಗದ ವರ್ಗಕ್ಕೂ ಕಲ್ಲಿನ ಎದುರು ಮೈಗೂ, ಎಂದರೆ ವ್ಯಾಸದ ವರ್ಗಕ್ಕೂ, ಅನುಪಾತದಲ್ಲಿರುತ್ತದೆ. ತಳ್ಳುವಿಕೆಯನ್ನು ವಿರೋಧಿಸುವುದು ಕಲ್ಲಿನ ತೂಕ. ಅದು ವ್ಯಾಸದ ಘನಕ್ಕೆ ಅನುಪಾತದಲ್ಲಿದೆ. ಇವೆರಡನ್ನೂ ಸಮಗೊಳಿಸಿದರೆ, ಉರುಳಬಲ್ಲ ಕಲ್ಲಿನ ವ್ಯಾಸವು ವೇಗದ ವರ್ಗದಂತೆ ಹೆಚ್ಚುವುದೆಂದೂ, ಆದುದರಿಂದ ಅದರ ತೂಕವು ವೇಗದ ಆರನೆಯ ಘಾತದಂತೆ ಹೆಚ್ಚುವುದೆಂದೂ ಸಿದ್ಧವಾಗುತ್ತದೆ.

ಆರನೆಯ ಘಾತವೆಂದರೆ ಏನೆಂಬುದನ್ನು ಅಂಕಿಗಳಲ್ಲಿ ನೋಡೋಣ. ವೇಗವು ಎರಡು ಪಟ್ಟಾದರೆ ನೀರು ಉರುಳಿಸಬಲ್ಲ ಕಲ್ಲಿನ ತೂಕ ೬೪ ಪಟ್ಟಾಗುತ್ತದೆ. ಬೇಸಗೆಯಲ್ಲಿ ಸೆಕೆಂಡಿಗೆ ಅರ್ಧ ಮೀಟರ್ ಹರಿಯುವ ಹಳ್ಳವು ನೆರೆ ಬಂದಾಗ ಸೆಕೆಂಡಿಗೆ ಎರಡು ಮೀಟರ್ ಹರಿಯಿತೆನ್ನಿ. ವೇಗ ಹೆಚ್ಚಿದ್ದು ನಾಲ್ಕು ಪಟ್ಟು, ಕಲ್ಲಿನ ತೂಕ ಹೆಚ್ಚಿದ್ದು ೪,೦೯೬ ಪಟ್ಟು. ಇದು ಸ್ಥೂಲವಾದ ನಿಯಮವೇ ಹೌದು. ಕಲ್ಲಿನ ಆಕಾರ, ತಳದ ಒರಟುತನ ಮೊದಲಾದುವನ್ನು ಇಲ್ಲಿ ಲೆಕ್ಕಕ್ಕೆ ಹಿಡಿದಿಲ್ಲ. ಆದರೂ ಹೊಳೆಯು ತನ್ನ ಕೆಲಸವನ್ನೆಲ್ಲ ಕೆಲವೇ ದಿನಗಳಲ್ಲಿ ಏಕೆ ಮಾಡಿ ಮುಗಿಸುತ್ತದೆಂಬುದನ್ನು ಇದು ಚೆನ್ನಾಗಿ ತೋರಿಸುತ್ತದೆ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು ೪,೦೦೦ ಮಿಲಿಮೀಟರ್. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳುಗಳದು. ಉಳಿದ ಎಂಟು ತಿಂಗಳು ಹೊಳೆಯು ಮರಳನ್ನು ತರುವುದೇ ಇಲ್ಲವೆನ್ನಬಹುದು.

೨೦೧೯ರ ಆಗಸ್ಟ್ ತಿಂಗಳಿನಲ್ಲಿ ಬೆಳ್ತಂಗಡಿ ತಾಲೂಕಿನ ಚಾರ್ಮಾಡಿ, ಮಲವಂತಿಗೆ, ಮಿತ್ತಬಾಗಿಲು ಮೊದಲಾದ ಕಡೆಗಳಲ್ಲಿ ಗುಡ್ಡಗಳು ಜರಿದು, ಹಳ್ಳಗಳು ಉಕ್ಕಿ, ಅಡಕೆಯ ತೋಟಗಳ ಮೇಲೆ ಕಲ್ಲು, ಮರಳು, ಮರದ ದಿಮ್ಮಿಗಳು ಬಂದು ಬಿದ್ದುವು. ವರ್ಷಾನುಗಟ್ಟಲೆ ಬೆವರು ಸುರಿಸಿ ಬೆಳೆಸಿದ ತೋಟಗಳು ಒಂದೆರಡು ದಿನಗಳಲ್ಲಿ ಹೂತುಹೋದುವು. ಆರನೆಯ ಘಾತದ ಅರ್ಥವನ್ನು ಅಲ್ಲಿಯ ಜನರು ಪುಸ್ತಕದಿಂದ ಕಲಿಯಬೇಕಾಗಿಲ್ಲ.

ಇಳಿಯುವ ವೇಗ

ಹೊತ್ತುದನ್ನು ಹೊಳೆಯು ಎಲ್ಲಿ ಇಳಿಸುತ್ತದೆ? ನೀರಿನ ವೇಗವು ಎಲ್ಲಿ ಕುಂದುವುದೋ ಅಲ್ಲಿ. ಆದರೆ ಎಲ್ಲವನ್ನೂ ಒಮ್ಮೆಗೆ ಇಳಿಸುವುದಿಲ್ಲ. ನೀರಿನಲ್ಲಿ ಬೀಳುವ ಕಣವು ಗಾಳಿಯಲ್ಲಿ ಬೀಳುವ ಕಲ್ಲಿನಂತೆ ವೇಗವನ್ನು ಹೆಚ್ಚಿಸಿಕೊಳ್ಳುತ್ತ ಹೋಗದು. ನೀರಿನ ಸ್ನಿಗ್ಧತೆಯು ಅದನ್ನು ತಡೆಯುವುದರಿಂದ ಸ್ವಲ್ಪ ಹೊತ್ತಿನಲ್ಲಿಯೇ ಒಂದು ಸ್ಥಿರವಾದ ವೇಗವನ್ನು ಪಡೆಯುತ್ತದೆ. ಜಾರ್ಜ್ ಸ್ಟೋಕ್ಸ್ ಎಂಬ ವಿಜ್ಞಾನಿಯು ೧೮೫೧ರಲ್ಲಿ ಈ ವೇಗದ ನಿಯಮವನ್ನು ಕೊಟ್ಟನು. ಸಣ್ಣ ಕಣಗಳ ಮಟ್ಟಿಗೆ ಅದು ವ್ಯಾಸದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಕಣವು ಹತ್ತರಲ್ಲಿ ಒಂದು ಪಾಲಾದರೆ ಇಳಿಯುವ ವೇಗವು ನೂರರಲ್ಲಿ ಒಂದು ಪಾಲಾಗುತ್ತದೆ.

ಬೆಣಚಿನ ಸಾಂದ್ರತೆ ನೀರಿನದಕ್ಕಿಂತ ೨.೬೫ ಪಟ್ಟು. ಇದನ್ನು ಬಳಸಿ, ನಿಂತ ನೀರಿನಲ್ಲಿ ಒಂದು ಮೀಟರ್ ಇಳಿಯಲು ಹಿಡಿಯುವ ಕಾಲವನ್ನು ಸ್ಥೂಲವಾಗಿ ಹೀಗೆ ಹೇಳಬಹುದು. ಒಂದು ಮಿಲಿಮೀಟರ್ ವ್ಯಾಸದ ಮರಳಿನ ಹರಳಿಗೆ ಹತ್ತು ಸೆಕೆಂಡೂ ಬೇಡ. ೦.೧ ಮಿಲಿಮೀಟರಿನ ನುಣ್ಣನೆಯ ಮರಳಿಗೆ ಸುಮಾರು ಎರಡು ನಿಮಿಷ ಬೇಕು. ೦.೦೨ ಮಿಲಿಮೀಟರಿನ ಹೂಳಿಗೆ ಮುಕ್ಕಾಲು ಗಂಟೆ. ೦.೦೦೨ ಮಿಲಿಮೀಟರಿನ ಜೇಡಿಯ ಕಣಕ್ಕಾದರೋ ಸುಮಾರು ಮೂರು ದಿನ! ಜೇಡಿಯ ಕಣವು ನೀರಿನಲ್ಲಿ ಇಳಿಯುತ್ತದೆಂದು ಹೇಳುವುದಕ್ಕಿಂತ, ಇಳಿಯಲು ಮರೆತಿದೆಯೆಂದು ಹೇಳುವುದೇ ಮೇಲು.

ಈಗ ಹೊಳೆಯ ದಾರಿಯನ್ನು ನೆನೆಯಿರಿ. ಘಟ್ಟದ ಬುಡದಲ್ಲಿ ಇಳಿಜಾರು ಥಟ್ಟನೆ ಕಡಮೆಯಾಗುತ್ತದೆ. ಗುಂಡುಕಲ್ಲುಗಳು ಬೆಳ್ತಂಗಡಿಯ ಮೇಲಣ ಹಳ್ಳಗಳಲ್ಲಿಯೇ ನಿಲ್ಲುತ್ತವೆ. ಮರಳು ಇನ್ನೂ ಮುಂದೆ ಬಂದು, ಬಯಲು ಅಗಲವಾಗಿ ಪ್ರವಾಹವು ನಿಧಾನವಾಗುವ ಕಡೆ ನೆಲೆಗೊಳ್ಳುತ್ತದೆ. ಜೇಡಿಯು ಎಲ್ಲಿಯೂ ನಿಲ್ಲದೆ ಕೆಂಪು ನೀರಾಗಿ ಕಡಲನ್ನು ಸೇರುತ್ತದೆ. ಯಾರೂ ಜರಡಿ ಹಿಡಿಯದೆಯೆ ಹೊಳೆಯು ಕಲ್ಲು, ಮರಳು, ಕೆಸರುಗಳನ್ನು ಬೇರ್ಪಡಿಸುವ ರೀತಿ ಇದು. ಮರಳ ದಂಡೆಯು ಅಷ್ಟು ಶುಭ್ರವಾಗಿರುವುದು ಅಲ್ಲಿ ಜೇಡಿ ಬಾರದುದರಿಂದಲ್ಲ. ಬಂದ ಜೇಡಿಯು ನಿಲ್ಲಲಾರದೆ ಹೋದುದರಿಂದ.

ತಿರುವಿನ ಒಳಮಗ್ಗುಲು

ಮರಳು ಹೊಳೆಯ ಎರಡು ದಡಗಳಲ್ಲಿಯೂ ಸಮನಾಗಿ ಕೂಡುವುದಿಲ್ಲ. ಹೊಳೆಯು ಬಾಗುವಲ್ಲಿ ಒಳಮಗ್ಗುಲಿಗೆ ದಿಣ್ಣೆ, ಹೊರಮಗ್ಗುಲಿಗೆ ಕೊರೆದ ದಡ ಮತ್ತು ಆಳವಾದ ಮಡು. ಇದರ ಕಾರಣವನ್ನು ಅರಿಯಲು ಒಂದು ಲೋಟ ನೀರು ಸಾಕು. ನೀರಿಗೆ ನೆನೆದ ಚಹಾ ಎಲೆಗಳನ್ನು ಹಾಕಿ ಚಮಚದಿಂದ ಸುತ್ತ ತಿರುಗಿಸಿ ಬಿಡಿರಿ. ಎಲೆಗಳು ಹೊರಕ್ಕೆ ಎಸೆಯಲ್ಪಡುವುವೆಂದು ನಾವು ನಿರೀಕ್ಷಿಸುತ್ತೇವೆ. ಆದರೆ ಅವು ತಳದ ನಡುವೆ ಗುಂಪುಗೂಡುತ್ತವೆ. ೧೯೨೬ರಲ್ಲಿ ಆಲ್ಬರ್ಟ್ ಐನ್‌ಸ್ಟೈನ್ ಈ ಚಹಾ ಎಲೆಗಳ ಉದಾಹರಣೆಯಿಂದಲೇ ನದಿಗಳ ತಿರುವುಗಳನ್ನು ವಿವರಿಸಿ ಒಂದು ಲೇಖನವನ್ನು ಬರೆದನು.

ಸುತ್ತುವ ನೀರು ಹೊರಗೋಡೆಯ ಕಡೆ ಒತ್ತಿಕೊಳ್ಳುವುದರಿಂದ ಅಲ್ಲಿ ಒತ್ತಡವು ಹೆಚ್ಚು. ಮೇಲಿನ ನೀರು ವೇಗವಾಗಿ ಸುತ್ತುತ್ತಿರುವುದರಿಂದ ಆ ಒತ್ತಡವನ್ನು ಎದುರಿಸಬಲ್ಲುದು. ತಳದ ನೀರು ಘರ್ಷಣೆಯಿಂದ ನಿಧಾನವಾಗಿರುವುದರಿಂದ ಎದುರಿಸಲಾರದೆ ನಡುವಿನ ಕಡೆಗೆ ಸರಿಯುತ್ತದೆ. ಜೊತೆಗೆ ಎಲೆಗಳನ್ನೂ ಒಯ್ಯುತ್ತದೆ. ಹೊಳೆಯ ತಿರುವಿನಲ್ಲಿ ನಡೆಯುವುದೂ ಇದೇ. ಲೋಟದ ನಡುವಿನ ಸ್ಥಾನದಲ್ಲಿ ಒಳದಡವನ್ನೂ, ಎಲೆಗಳ ಸ್ಥಾನದಲ್ಲಿ ಮರಳನ್ನೂ ಇಟ್ಟುಕೊಂಡರೆ ಸಾಕು. ಆದುದರಿಂದ ನಾವು ಮರಳ ದಿಣ್ಣೆಯ ಮೇಲೆ ನಿಂತು ಎದುರು ದಡವನ್ನು ನೋಡುತ್ತಿರುವಾಗ, ಅನೇಕ ವೇಳೆ ನಮ್ಮ ಮುಂದಿರುವುದು ಆ ಹೊಳೆಯ ಅತ್ಯಂತ ಆಳವಾದ ಭಾಗ.

ಕೆರೆಯಲ್ಲಿ ಕೆಸರೇಕೆ?

ಈಗ ಮೂಡುಬಿದಿರೆಗೆ ಮರಳೋಣ. ಆ ಸೀಮೆಯ ನೆಲವು ಮುರಕಲ್ಲಿನದು. ಫ್ರಾನ್ಸಿಸ್ ಬುಕಾನನ್ ಎಂಬವನು ೧೮೦೭ರಲ್ಲಿ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ ಮಲಬಾರಿನ ಇಂತಹ ಕಲ್ಲಿಗೆ ಲ್ಯಾಟರೈಟ್ ಎಂದು ಹೆಸರಿಟ್ಟನು. ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಮಾತಿನಿಂದ ಬಂದ ಹೆಸರು ಅದು. ಹೆಚ್ಚು ಮಳೆ ಬೀಳುವ ಬಿಸಿ ಸೀಮೆಯಲ್ಲಿ ಬಂಡೆಯು ಬಹುಕಾಲ ಕೊಳೆತು, ಕರಗುವ ಅಂಶಗಳು ತೊಳೆದುಹೋಗಿ, ಕಬ್ಬಿಣ ಮತ್ತು ಅಲ್ಯುಮಿನಿಯಮ್‌ಗಳ ಆಕ್ಸೈಡುಗಳೂ ಜೇಡಿಯೂ ಉಳಿದರೆ ಮುರಕಲ್ಲು. ಇಂತಹ ನೆಲದಲ್ಲಿರುವ ಕೆರೆಗೆ ಘಟ್ಟದಿಂದ ಬೆಣಚನ್ನು ಹೊತ್ತು ತರುವ ಪ್ರವಾಹವಿಲ್ಲ. ಅದರೊಳಗೆ ಬರುವುದು ಸುತ್ತಲಿನ ಮಳೆನೀರೂ ಒರತೆಯೂ. ತರುವುದು ನಯವಾದ ಕೆಂಪು ಮಣ್ಣನ್ನು. ಹೊಳೆಯಲ್ಲಿ ನಿಲ್ಲಲಾರದ ಜೇಡಿಗೆ ಕೆರೆಯ ನಿಶ್ಚಲವಾದ ನೀರಿನಲ್ಲಿ ಮೂರು ದಿನವೇಕೆ, ಮೂರು ತಿಂಗಳ ಬಿಡುವು ಸಿಗುತ್ತದೆ. ಅದು ನೆಮ್ಮದಿಯಾಗಿ ತಳವನ್ನು ಸೇರಿ ಕೆಸರಾಗುತ್ತದೆ.

ಹೀಗೆ ನಮ್ಮ ಪ್ರಶ್ನೆಗೆ ಉತ್ತರವು ದೊರೆಯಿತು. ದಡದ ಮೇಲಿನ ಕಣಗಳ ಗಾತ್ರವು ಅಲ್ಲಿ ಹರಿದ ನೀರಿನ ವೇಗದ ದಾಖಲೆ. ಮರಳು ಕಂಡಲ್ಲಿ, ವರ್ಷದಲ್ಲಿ ಕೆಲವು ದಿನಗಳಾದರೂ ನೀರು ಜೋರಾಗಿ ಹರಿದಿದೆಯೆಂದು ತಿಳಿಯಬೇಕು. ಕೆಸರು ಕಂಡಲ್ಲಿ, ನೀರು ನಿಂತಿದೆಯೆಂದು ತಿಳಿಯಬೇಕು. ಬಂಟ್ವಾಳ ತಾಲೂಕಿನ ತುಂಬೆಯಲ್ಲಿ ಮಂಗಳೂರಿಗೆ ಕುಡಿಯುವ ನೀರೊದಗಿಸುವ ಕಿಂಡಿ ಅಣೆಕಟ್ಟು ಈ ಎರಡರ ನಡುವಿನ ನಿದರ್ಶನ. ಬೇಸಗೆಯಲ್ಲಿ ಅದು ಹೊಳೆಯನ್ನು ಕೆರೆಯನ್ನಾಗಿ ಮಾಡುತ್ತದೆ. ಮಳೆಗಾಲದಲ್ಲಿ ಕಿಂಡಿಗಳನ್ನು ತೆರೆದಾಗ ಕೆರೆಯು ಮತ್ತೆ ಹೊಳೆಯಾಗುತ್ತದೆ.

ಮರಳಿನೊಳಗಿನ ನೀರು

ಒಣಗಿದಂತೆ ತೋರುವ ದಿಣ್ಣೆಯನ್ನು ಬೇಸಗೆಯಲ್ಲಿ ಒಂದೆರಡು ಮೊಳ ಅಗೆದರೆ ತಿಳಿಯಾದ ಒರತೆ ಕಾಣುತ್ತದೆ. ಹರಳುಗಳ ನಡುವಣ ತೆರಪುಗಳಲ್ಲಿ ನೀರು ಅಡಗಿರುವುದೇ ಇದಕ್ಕೆ ಕಾರಣ. ಮರಳಿನ ಗಾತ್ರದಲ್ಲಿ ಸಾಮಾನ್ಯವಾಗಿ ನೂರಕ್ಕೆ ೩೫ರಿಂದ ೪೦ ಪಾಲು ತೆರಪೇ ಇರುತ್ತದೆ. ೨೦೦ ಮೀಟರ್ ಉದ್ದ, ೫೦ ಮೀಟರ್ ಅಗಲ, ೨ ಮೀಟರ್ ದಪ್ಪದ ಒಂದು ದಿಣ್ಣೆಯನ್ನು ಊಹಿಸಿಕೊಳ್ಳೋಣ. ಅದರ ಗಾತ್ರ ೨೦,೦೦೦ ಘನ ಮೀಟರ್. ಪೂರ್ಣ ನೆನೆದಾಗ ಅದು ಹಿಡಿಯುವ ನೀರು ಕನಿಷ್ಠ ೭,೦೦೦ ಘನ ಮೀಟರ್, ಎಂದರೆ ೭೦ ಲಕ್ಷ ಲೀಟರ್. ಮುಚ್ಚಳವಿಲ್ಲದ ಕೆರೆಯ ನೀರನ್ನು ಬಿಸಿಲು ಹೀರುತ್ತದೆ. ಮರಳಿನೊಳಗಿನ ನೀರಿಗೆ ಮರಳೇ ಮುಚ್ಚಳ. ದಡದ ಬಾವಿಗಳಿಗೆ ಬೇಸಗೆಯಲ್ಲಿ ನೀರುಣಿಸುವ ಆಸರೆಗಳಲ್ಲಿ ಇದೊಂದು.

ನೆನೆದ ಮರಳಿನ ಮೇಲೆ ನಡೆಯುವಾಗ ಪಾದದ ಸುತ್ತ ಮರಳು ಕ್ಷಣಕಾಲ ಒಣಗಿದಂತೆ ಬಿಳಿಚಿಕೊಳ್ಳುವುದನ್ನು ಎಲ್ಲರೂ ನೋಡಿರಬಹುದು. ತುಳಿದರೆ ನೀರು ಹೊರಬರಬೇಕಲ್ಲವೆ? ಓಸ್ಬರ್ನ್ ರೆನಾಲ್ಡ್ಸ್ ೧೮೮೫ರಲ್ಲಿ ಇದನ್ನು ಬಿಡಿಸಿದನು. ಒತ್ತಾಗಿ ಕೂತ ಹರಳುಗಳು ಒಂದರ ಮೇಲೊಂದು ಜರುಗಬೇಕಾದರೆ ಮೊದಲು ಒಂದಿಷ್ಟು ಮೇಲೇಳಬೇಕು. ಆಗ ತೆರಪು ಹಿಗ್ಗಿ, ಮೇಲ್ಮೈಯ ನೀರು ಒಳಕ್ಕೆ ಸೆಳೆಯಲ್ಪಡುತ್ತದೆ. ದಿಣ್ಣೆಯೊಳಗಿನ ತೆರಪುಗಳು ಬರಿಯ ಲೆಕ್ಕದ ಮಾತಲ್ಲವೆಂಬುದಕ್ಕೆ ನಮ್ಮ ಹೆಜ್ಜೆಯೇ ಸಾಕ್ಷಿ.

ಈ ದಿಣ್ಣೆಯಿಂದ ಐದು ಘನ ಮೀಟರ್ ಮರಳನ್ನು ಒಂದು ವಾಹನದಲ್ಲಿ ಒಯ್ದರೆ, ಅದರೊಡನೆ ಸುಮಾರು ೧,೭೫೦ ಲೀಟರ್ ನೀರಿನ ಮನೆಯೂ ಹೋಗುತ್ತದೆ. ಮನೆ ಕಟ್ಟಲು ಮರಳು ಬೇಕು ನಿಜ. ಲೋಕದಲ್ಲಿ ವರ್ಷಕ್ಕೆ ಸುಮಾರು ೫,೦೦೦ ಕೋಟಿ ಟನ್ ಮರಳು ಮತ್ತು ಜಲ್ಲಿ ಬಳಕೆಯಾಗುತ್ತಿದೆಯೆಂದು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು ೨೦೨೨ರಲ್ಲಿ ಅಂದಾಜು ಮಾಡಿದೆ. ಪ್ರಶ್ನೆಯಿರುವುದು ತೆಗೆಯಬೇಕೇ ಬೇಡವೇ ಎಂಬುದರಲ್ಲಲ್ಲ. ಹೊಳೆಯು ನಾಲ್ಕು ತಿಂಗಳಲ್ಲಿ ತಂದುದಕ್ಕಿಂತ ಹೆಚ್ಚನ್ನು ನಾವು ಎಂಟು ತಿಂಗಳಲ್ಲಿ ತೆಗೆಯುತ್ತಿದ್ದೇವೆಯೇ ಎಂಬುದರಲ್ಲಿ. ಹೆಚ್ಚು ತೆಗೆದರೆ ಪಾತ್ರವು ತಗ್ಗುತ್ತದೆ. ಅದರೊಡನೆ ದಡದ ಬಾವಿಯ ನೀರಿನ ಮಟ್ಟವೂ ತಗ್ಗುತ್ತದೆ. ಸೇತುವೆಯ ಕಂಬಗಳ ಬುಡವು ಬರಿದಾಗುತ್ತದೆ. ಅಳಿವೆಯ ಕಡೆಯಿಂದ ಉಪ್ಪುನೀರು ಇನ್ನಷ್ಟು ಮೇಲಕ್ಕೆ ಬರುತ್ತದೆ.

ದಂಡೆಗೆ ಹೋಗುವವರಿಗೆ

ರಜಾ ದಿನಗಳಲ್ಲಿ ವಿದ್ಯಾರ್ಥಿಗಳು ಗುಂಪುಗೂಡಿ ಇಂತಹ ದಂಡೆಗಳಿಗೆ ಹೋಗುತ್ತಾರೆ. ಹೋಗಬಾರದೆಂದು ನಾವು ಹೇಳುವುದಿಲ್ಲ. ಆದರೆ ನೀರಿಗಿಳಿದವರು ಮರಳಿ ಬಾರದ ಸುದ್ದಿಯಿಲ್ಲದೆ ಯಾವ ಬೇಸಗೆಯೂ ಕಳೆಯುವುದಿಲ್ಲ. ಮೇಲೆ ಹೇಳಿದ ಭೌತಶಾಸ್ತ್ರವೇ ಇಲ್ಲಿ ಮೂರು ಎಚ್ಚರಿಕೆಗಳನ್ನು ಕೊಡುತ್ತದೆ.

ಮೊದಲನೆಯದು, ಮರಳಿನ ಇಳಿಜಾರು. ಸಡಿಲವಾದ ಮರಳು ಸುಮಾರು ೩೩ ಡಿಗ್ರಿಗಿಂತ ಕಡಿದಾಗಿ ನಿಲ್ಲಲಾರದು. ಅದಕ್ಕೆ ಹತ್ತಿರವಾಗಿ ಮಾತ್ರ ನಿಂತಿರಬಲ್ಲುದು. ಮರಳು ತೆಗೆದ ಗುಂಡಿಯ ಅಂಚು ನೀರಿನಡಿಯಲ್ಲಿ ಹೆಚ್ಚು ಕಡಮೆ ಈ ಸ್ಥಿತಿಯಲ್ಲಿರುತ್ತದೆ. ಅಂತಹ ಅಂಚಿನಲ್ಲಿ ಎರಡು ಮೀಟರ್ ಮುಂದೆ ಹೋದರೆ ೧.೩ ಮೀಟರ್ ಆಳ ಹೆಚ್ಚುತ್ತದೆ. ಹಿಂದಿರುಗಲೆಂದು ಕಾಲೂರಿದರೆ ಮರಳು ಜಾರುತ್ತದೆ; ಊರಿದಷ್ಟೂ ನಾವು ಕೆಳಗೆ.

ಎರಡನೆಯದು, ಕಣ್ಣಿನ ಭ್ರಮೆ. ನೀರಿನ ವಕ್ರೀಭವನಾಂಕ ಸುಮಾರು ೪/೩. ಆದುದರಿಂದ ನೇರ ಮೇಲಿನಿಂದ ನೋಡಿದಾಗ ಆಳವು ನಿಜದ ಮುಕ್ಕಾಲು ಭಾಗದಷ್ಟೇ ಕಾಣುತ್ತದೆ. ಎರಡು ಮೀಟರ್ ಆಳದ ಗುಂಡಿಯು ಒಂದೂವರೆ ಮೀಟರಿನದಾಗಿ ತೋರುತ್ತದೆ. ದಡದಲ್ಲಿ ನಿಂತು ಓರೆಯಾಗಿ ನೋಡುವವನಿಗೆ ಇನ್ನೂ ಕಡಮೆ. ಕುತ್ತಿಗೆಯ ಮಟ್ಟವೆಂದು ಇಳಿದವನಿಗೆ ತಲೆಯ ಮೇಲೆ ನೀರು. ತಿಳಿನೀರೇ ಹೆಚ್ಚು ಮೋಸ ಮಾಡುತ್ತದೆ.

ಮೂರನೆಯದು, ಘಟ್ಟದ ಮಳೆ. ದಂಡೆಯ ಮೇಲೆ ಬಿಸಿಲಿದ್ದರೂ ಮೇಲೆ ಗುಡುಗಿನ ಮಳೆ ಬಿದ್ದಿರಬಹುದು; ಆ ನೀರು ಕೆಳಗೆ ಬರಲು ಸ್ವಲ್ಪ ಹೊತ್ತು ಹಿಡಿಯುತ್ತದೆ. ತಿಳಿಯಾಗಿದ್ದ ನೀರು ಕೆಂಪಾಗತೊಡಗಿದರೆ, ತರಗೆಲೆ ಕಡ್ಡಿಗಳು ತೇಲಿ ಬರತೊಡಗಿದರೆ, ಮೇಲೆಲ್ಲೋ ವೇಗವು ಹೆಚ್ಚಿದೆಯೆಂದು ತಿಳಿದು ಕೂಡಲೆ ದಡವನ್ನು ಸೇರಬೇಕು. ೧೯೨೩ರಲ್ಲಿಯೂ ೧೯೭೪ರಲ್ಲಿಯೂ ಬಂಟ್ವಾಳದ ಪೇಟೆಯನ್ನೇ ಮುಳುಗಿಸಿದ ಹೊಳೆ ಇದು. ಯಾರಾದರೂ ಮುಳುಗುತ್ತಿರುವುದನ್ನು ಕಂಡರೆ, ಈಜು ಮತ್ತು ರಕ್ಷಣೆಯಲ್ಲಿ ಪಳಗಿರದವರು ನೀರಿಗೆ ಧುಮುಕಬಾರದು. ಹಗ್ಗವನ್ನೋ ಉದ್ದನೆಯ ಬಟ್ಟೆಯನ್ನೋ ಕೋಲನ್ನೋ ಚಾಚಿ, ಕೂಗಿ ಜನರನ್ನು ಕರೆಯಬೇಕು. ಒಬ್ಬನನ್ನು ಉಳಿಸಹೋಗಿ ಹಲವರು ಅಳಿಯುವುದು ಹೀಗೆ ಧುಮುಕುವುದರಿಂದಲೇ.

ಮಾಡಿ ನೋಡಿರಿ

೧. ಎರಡು ಗಾಜಿನ ಸೀಸೆಗಳನ್ನು ತೆಗೆದುಕೊಂಡು, ಒಂದಕ್ಕೆ ಹೊಳೆಯ ದಡದ ಮರಳನ್ನೂ ಇನ್ನೊಂದಕ್ಕೆ ಕೆರೆಯ ಅಂಚಿನ ಮಣ್ಣನ್ನೂ ಕಾಲುಭಾಗ ತುಂಬಿ, ನೀರೆರೆದು ಚೆನ್ನಾಗಿ ಕುಲುಕಿ ಇಡಿರಿ. ಯಾವುದರ ನೀರು ಎಷ್ಟು ಹೊತ್ತಿಗೆ ತಿಳಿಯಾಗುತ್ತದೆ? ಗಂಟೆಗೊಮ್ಮೆ ಬರೆದಿಡಿರಿ, ಎರಡನೆಯದಕ್ಕೆ ಕೆಲವು ದಿನಗಳ ತಾಳ್ಮೆ ಬೇಕಾಗಬಹುದು.

೨. ಒಂದು ಲೋಟದ ತುಂಬ ಒಣಮರಳನ್ನು ತುಂಬಿ, ಮೇಲ್ಮೈಗೆ ಬರುವವರೆಗೆ ನೀರನ್ನು ಅಳೆದು ಮೆಲ್ಲನೆ ಎರೆಯಿರಿ. ಲೋಟದ ಗಾತ್ರದಲ್ಲಿ ತೆರಪು ನೂರಕ್ಕೆ ಎಷ್ಟು?

೩. ಒಣಮರಳನ್ನು ಮೇಲಿನಿಂದ ಸುರಿದು ರಾಶಿ ಮಾಡಿ, ಅದರ ಎತ್ತರವನ್ನೂ ಬುಡದ ವ್ಯಾಸವನ್ನೂ ಅಳೆದು ಇಳಿಜಾರಿನ ಕೋನವನ್ನು ಲೆಕ್ಕ ಹಾಕಿರಿ.

೪. ಅಭ್ರಕದ ಸಾಂದ್ರತೆಯು ಬೆಣಚಿಗಿಂತ ಕಡಮೆಯೇನಲ್ಲ. ಆದರೂ ಅದರ ಹೊಳೆಯುವ ಚೂರುಗಳು ಒರಟು ಮರಳಿನೊಡನೆ ನಿಲ್ಲದೆ, ನಿಧಾನವಾದ ನೀರಿನ ಅಂಚುಗಳಲ್ಲಿ ನುಣ್ಣನೆಯ ಹೂಳಿನೊಡನೆ ಕೂಡುತ್ತವೆ. ಕಾರಣವೇನು? ಅವುಗಳ ಆಕಾರವನ್ನು ಗಮನಿಸಿ ಉತ್ತರ ಹೇಳಿರಿ.